ಸೈಲೆನ್ಸರ್ ಢಮ್ ಅಂದರೆ ಮೊದಲು ಸ್ಟಾಪ್ ವೈರ್ ನೋಡಿ

ಲಾನ್ ಮೂವರ್ ಸೈಲೆನ್ಸರಿನಲ್ಲಿ ಢಮ್ ಅಂದ ಕೂಡಲೇ ನಮ್ಮವರ ಕೈ ಹೋಗುವುದು ಕಾರ್ಬಿಗೇ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಈ 160 ಸಿಸಿ ಮಷೀನಿಗೂ ಕಾರ್ಬ್, ಪ್ಲಗ್, ಏರ್ ಫಿಲ್ಟರ್ ಎಲ್ಲ ಹೊಸದು ಹಾಕಿ ಮೂರು ಸಾವಿರದ ಹತ್ತಿರ ಸುರಿದಾಗಿತ್ತು. ಢಮ್ ಹೋಗಲಿಲ್ಲ. ಮುಂದಿನ ಸಲಹೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬದಲಿಸಿ ಅಂತ, ಅದಕ್ಕೆ ಇನ್ನೊಂದು ಸಾವಿರದ ಇನ್ನೂರೋ ಏನೋ.

ಹಳ್ಳದಿಣ್ಣೆ ನೆಲದಲ್ಲಿ ಮಷೀನು ಕುಲುಕಿದಾಗ ಮಾತ್ರ ಹೊಡೆಯುತ್ತಿತ್ತು. ಕಾರ್ಬಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿದ್ದರೆ ಸಮ ನೆಲದಲ್ಲೂ ಹೊಡೆಯಬೇಕಲ್ಲ? ಕುಲುಕಿದಾಗ ಕಿಡಿ ತಪ್ಪುತ್ತದೆ, ಉರಿಯದ ಪೆಟ್ರೋಲ್ ಆವಿ ಸೈಲೆನ್ಸರಿಗೆ ಹೋಗಿ ಕೂರುತ್ತದೆ, ಮುಂದಿನ ಕಿಡಿ ಬಿದ್ದಾಗ ಅಲ್ಲೇ ಹೊತ್ತಿಕೊಳ್ಳುತ್ತದೆ. ಹೀಗಂದಾಗ ನಕ್ಕವರೇ ಹೆಚ್ಚು.

ಕಾಯಿಲಿನಿಂದ ಸ್ಟಾಪ್ ಸ್ವಿಚ್ಚಿಗೆ ಹೋಗುವ ಸ್ಟಾಪ್ ವೈರನ್ನು (ಇದು ಎಂಜಿನ್ನಿನ ಮೈಗೆ ತಾಗಿದರೆ ಕಿಡಿ ನಿಲ್ಲುತ್ತದೆ) ಕಾಯಿಲ್ ಕಡೆಯಲ್ಲೇ ಕಳಚಿ, ತುದಿಗೆ ಟೇಪ್ ಸುತ್ತಿ ಓಡಿಸಿದೆ. ಒಂದೇ ಒಂದು ಢಮ್ ಇಲ್ಲ. ನೆನಪಿರಲಿ, ಈ ಸ್ಥಿತಿಯಲ್ಲಿ ಸ್ವಿಚ್ಚಿನಿಂದ ಎಂಜಿನ್ ನಿಲ್ಲುವುದಿಲ್ಲ. ಪೆಟ್ರೋಲ್ ಕಾಕ್ ಮುಚ್ಚಿ, ಚೋಕ್ ಎಳೆದು ನಿಲ್ಲಿಸಬೇಕು. ಬ್ಲೇಡ್ ಮೊದಲೇ ಬಿಚ್ಚಿಡಬೇಡಿ; ಅದರ ಭಾರವಿಲ್ಲದೆ ಕೆಲವು ಮಷೀನು ಸ್ಟಾರ್ಟ್ ಆಗುವಾಗ ಹಗ್ಗವನ್ನು ಕೈಯಿಂದ ಕಿತ್ತುಕೊಳ್ಳುತ್ತದೆ.

ಫ್ಯಾನ್ ಕವರ್ ತೆಗೆದಾಗ ತಗಡಿನ ಅಂಚು ವೈರನ್ನು ಉಜ್ಜಿ, ಅಕ್ಕಿಕಾಳಿನಷ್ಟು ತಾಮ್ರ ಹೊಳೆಯುತ್ತಿತ್ತು. ಕುಲುಕಿದಾಗ ಅದು ತಗಡಿಗೆ ತಾಗಿ ಕಿಡಿ ತಪ್ಪಿಸುತ್ತಿತ್ತು. ವೈರಿಗೆ ತೊಡಿಸುವ ಸ್ಲೀವಿಗೆ ಇಪ್ಪತ್ತು ರೂಪಾಯಿ. ವೈರನ್ನು ಮತ್ತೆ ಅಂಚಿಗೆ ತಾಗದಂತೆ ಎಲ್ಲಿ ಹಾಯಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಬಿಚ್ಚಿದ ಮೇಲೆ ಟ್ಯಾಪೆಟ್ಟೂ, ಅಂದರೆ ವಾಲ್ವಿನ ಸಂದೂ ನೋಡಿದೆ. ಎಂಜಿನ್ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಶನ್ನಿನ ತುದಿಯಲ್ಲಿರಬೇಕು. ಹೋಂಡಾ ಜಿಎಕ್ಸ್‌ವಿ160 ಎಂಜಿನ್ನಿನ ಲೆಕ್ಕ ಹಿಡಿದರೆ ಇನ್‌ಲೆಟ್ 0.15, ಎಕ್ಸಾಸ್ಟ್ 0.20 ಮಿ.ಮೀ. ಇಲ್ಲಿ ಎಕ್ಸಾಸ್ಟ್ 0.10ಕ್ಕೆ ಬಂದಿತ್ತು. ಅಷ್ಟು ಬಿಗಿಯಾದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಕೂರದೆ ಬೆಂಕಿ ಸೈಲೆನ್ಸರಿಗೆ ನುಸುಳಬಹುದು. ಪ್ಲಗ್ ಗ್ಯಾಪ್ 0.7 ಮಿ.ಮೀ. ಸೈಲೆನ್ಸರ್ ಎಂಜಿನ್ನಿಗೆ ಕೂರುವ ಫ್ಲ್ಯಾಂಜಿನ ಸುತ್ತ ಕಪ್ಪು ಮಸಿ ಕಂಡರೆ ಗ್ಯಾಸ್ಕೆಟ್ ಹೋಗಿದೆ ಅಂತಲೇ. ಹೊರಗಿನ ಗಾಳಿ ಸೇರಿದರೆ ಢಮ್ ಇನ್ನೂ ಜೋರು.

ಬ್ಲೇಡ್ ಕಲ್ಲಿಗೆ ಬಡಿದು ಫ್ಲೈವೀಲ್ ಕೀ (ಫ್ಲೈವೀಲ್ ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು) ಅರ್ಧ ಕತ್ತರಿಸಿದ್ದರೆ ಲಕ್ಷಣ ಬೇರೆ. ಹಗ್ಗ ಕೈಗೆ ಒದೆಯುತ್ತದೆ, ಹೆಚ್ಚಾಗಿ ಕಾರ್ಬ್ ಕಡೆಯೇ ಸಿಡಿಯುತ್ತದೆ.

ಸುಮ್ಮನೆ ಕುತೂಹಲಕ್ಕೆ, ತಿಂಗಳು ತೊಟ್ಟಿಯಲ್ಲಿ ಬಿಟ್ಟ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿನಲ್ಲೂ ಇದನ್ನೇ ಓಡಿಸಿ ನೋಡಿದೆ. ಐಡಲ್ ಏರಿಳಿಯಿತು, ರೇಸ್ ಇಳಿಸುವಾಗ ಪಟಪಟ ಅಂತು. ಹೊಸ ಪೆಟ್ರೋಲ್ ತುಂಬಿ ಕಾರ್ಬಿನ ಕೆಳಗಿನ ಫ್ಲೋಟ್ ಬೌಲ್ ಖಾಲಿ ಮಾಡಿದರೆ ಸರಿಹೋಯಿತು. ಬಿಸಿ ಪ್ಲಗ್ (ತುದಿ ಹೆಚ್ಚು ಬಿಸಿಯಾಗಿರುವ ಬಗೆ) ಹಾಕಿದ್ದರಿಂದ ಏನೂ ಗಿಟ್ಟಲಿಲ್ಲ, ದುಡ್ಡು ದಂಡ.

ಆಫ್ ಮಾಡುವಾಗ ಮಾತ್ರ ಒಂದು ಢಮ್ ಬಂದರೆ ಏನನ್ನೂ ಬಿಚ್ಚಬೇಡಿ. ಫುಲ್ ರೇಸಿನಲ್ಲೇ ನಿಲ್ಲಿಸುತ್ತಿದ್ದಾರೆ ಅಷ್ಟೆ. ರೇಸ್ ಇಳಿಸಿ, ಹತ್ತು ಹದಿನೈದು ಸೆಕೆಂಡ್ ಬಿಟ್ಟು ಆಫ್ ಮಾಡಲು ಮಾಲಿಗೆ ಹೇಳಿ.