ಚಳಿಯ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲು ಸತಾಯಿಸಿದರೆ

ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಬೆಳಗು 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಪೆಟ್ರೋಲ್ ಕಾರು ಸತಾಯಿಸಿದರೆ ಮೊದಲು ಬ್ಯಾಟರಿ ನೋಡಿ: ರಾತ್ರಿಯಿಡೀ ನಿಂತ ಮೇಲೆ 12.4 ವೋಲ್ಟ್‌ಗಿಂತ ಕಡಿಮೆಯಿದ್ದರೆ ಚಾರ್ಜ್ ಮಾಡಿಸಿ.

ಅದು ಸರಿಯಿದ್ದರೆ ಅನುಮಾನ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ತಾಪಮಾನ ಅಳೆಯುವ ಸೆನ್ಸರ್ ಮೇಲೆ. ಎಂಜಿನ್ ಎಷ್ಟು ತಣ್ಣಗಿದೆಯೆಂದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುವುದು ಇದೇ. ಆ ಲೆಕ್ಕದಲ್ಲೇ ಪೆಟ್ರೋಲ್ ಹೋಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಒಬಿಡಿ ಸ್ಕ್ಯಾನರ್‌ನಲ್ಲಿ ಕೂಲೆಂಟ್ ಮತ್ತು ಒಳಬರುವ ಗಾಳಿಯ ತಾಪಮಾನ ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಕೂಲೆಂಟ್ 70 ಡಿಗ್ರಿ ತೋರಿಸಿದರೆ, ಎಂಜಿನ್ ಬಿಸಿಯಿದೆಯೆಂದು ನಂಬಿದ ಇಸಿಯು ಪೆಟ್ರೋಲ್ ಕಡಿಮೆ ಬಿಡುತ್ತದೆ. ಮೈನಸ್ 40 ಬಂದರೆ ಸಾಮಾನ್ಯವಾಗಿ ವೈರ್ ತುಂಡಾಗಿರುತ್ತದೆ, ಇಲ್ಲವೇ ಕನೆಕ್ಟರ್ ಕಳಚಿರುತ್ತದೆ. ಹೊಸ ಸೆನ್ಸರ್ ಕೊಳ್ಳುವ ಮುಂಚೆ ಕನೆಕ್ಟರ್ ಬಿಚ್ಚಿ, ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಎಷ್ಟೋ ಸಲ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಕು. ಎರರ್ ಕೋಡ್ ಬರದಿದ್ದರೂ ಈ ಪರೀಕ್ಷೆ ಬಿಡಬೇಡಿ.