ಹಿಂಡಿನ ಹೋಲಿಕೆ: ಭಾಗಾಕಾರ ತಪ್ಪದಂತೆ ಲೆಕ್ಕ ಹಾಕುವುದು ಹೇಗೆ?

‘ನಮ್ಮ ಹಸುಗಳದ್ದು ಸರಾಸರಿ 10 ಲೀಟರ್, ಅವರದ್ದು 9 ಅಷ್ಟೇ’ ಎಂದು ಬೀಗುವವರು ಬಹಳ ಜನ. ಆ 10 ಯಾವ ಲೆಕ್ಕದ್ದು ಎಂದು ಕೇಳಿ ನೋಡಿ, ಮಾತು ಬದಲಾಗುತ್ತದೆ. ಬೆಂಚ್‌ಮಾರ್ಕಿಂಗ್ ಎಂದರೆ ನಮ್ಮ ಹಿಂಡಿನ ಅಂಕಿಗಳನ್ನು ಅಂಥದ್ದೇ ಬೇರೆ ಹಿಂಡುಗಳ ಅಂಕಿಗಳ ಪಕ್ಕದಲ್ಲಿಟ್ಟು, ನಮ್ಮಲ್ಲಿ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು. ಬೀಗುವುದಕ್ಕಲ್ಲ.

1. ಬರೆದಿಡಿ. ಪ್ರತಿ ಹಸುವಿಗೆ ಗುರುತಿನ ನಂಬರಿರುವ ಕಿವಿಯೋಲೆ, ಪುಸ್ತಕದಲ್ಲಿ ಒಂದು ಪುಟ. ಆ್ಯಪ್ ಇದ್ದರೂ ಸರಿ. ಆದರೆ ಸರಾಸರಿ ಹೇಗೆ ತೆಗೆದೆ ಎಂದು ಹೇಳದೆ ಸುಮ್ನೆ ಬಣ್ಣದ ಗ್ರಾಫ್ ತೋರಿಸುವ ಆ್ಯಪ್ ಬೇಡವೇ ಬೇಡ.

2. ಮೂರು ಅಂಕಿ ಸಾಕು: ಹಾಲು, ಎರಡು ಕರುಗಳ ನಡುವಿನ ಅಂತರ, ಕರುಗಳ ಸಾವು. ಇಪ್ಪತ್ತು ಅಂಕಿ ಹಿಡಿದು ಕೂತವರು ಮೂರೇ ತಿಂಗಳಿಗೆ ಪುಸ್ತಕ ಮುಚ್ಚುತ್ತಾರೆ.

3. ಎಲ್ಲರೂ ಎಡವುವುದು ಇಲ್ಲಿ: ಯಾವುದರಿಂದ ಭಾಗಿಸಿದಿರಿ? ನಿಮ್ಮಲ್ಲಿ 20 ಹಸು, ಕರೆಯುವುದು 14, ದಿನದ ಹಾಲು 140 ಲೀಟರ್ ಎನ್ನಿ. ಇನ್ನೊಬ್ಬರಲ್ಲೂ 20 ಹಸು, ಕರೆಯುವುದು 17, ಹಾಲು 153 ಲೀಟರ್. ಕರೆಯುವ ಹಸುಗಳಿಂದ ಭಾಗಿಸಿದರೆ ನಿಮಗೆ 10, ಅವರಿಗೆ 9. ಎಲ್ಲ ಹಸುಗಳಿಂದ ಭಾಗಿಸಿ: ನಿಮಗೆ 7, ಅವರಿಗೆ 7.65. ಹಾಲು ಕೊಡದ ಆರು ಹಸುಗಳೂ ಮೇವು ತಿನ್ನುತ್ತವೆ ಅಲ್ವಾ? ಹಾಗಾಗಿ ಎರಡೂ ಲೆಕ್ಕ ಇಡಿ; ಒಂದನ್ನೇ ನೋಡುವುದಾದರೆ ಎರಡನೆಯದನ್ನೇ ನೋಡಿ.

ಒಂದು ದಿನದ ಹಾಲನ್ನೂ ನಂಬಬೇಡಿ. ಕರು ಹಾಕಿ ಆರರಿಂದ ಎಂಟು ವಾರಕ್ಕೆ ಹಾಲು ಏರುವಷ್ಟು ಏರಿ, ಆಮೇಲೆ ಇಳಿಯುತ್ತದೆ. ಹೆಚ್ಚಿನ ಹಸುಗಳು ಒಟ್ಟಿಗೆ ಕರು ಹಾಕಿದ್ದರೆ ಆ ತಿಂಗಳು ಯಾರ ಕೊಟ್ಟಿಗೆಯೂ ಚೆನ್ನಾಗಿಯೇ ಕಾಣುತ್ತದೆ. ಇಡೀ 12 ತಿಂಗಳ ಲೆಕ್ಕ ಹಿಡಿಯಿರಿ.

ಕರು ಅಂತರದ ಲೆಕ್ಕ ಇನ್ನೂ ಮೋಸದ್ದು. ಅದರಲ್ಲಿ ಬರುವುದು ಮತ್ತೆ ಕರು ಹಾಕಿದ ಹಸುಗಳು ಮಾತ್ರ. ಗಬ್ಬವೇ ಕಟ್ಟದ ಹಸು ಲೆಕ್ಕಕ್ಕೇ ಇಲ್ಲ. ಅದನ್ನು ಮಾರಿಬಿಟ್ಟರಂತೂ ಸುಳಿವೂ ಉಳಿಯದು. ಅದಕ್ಕೇ ಪ್ರತಿ ಹಸುವಿನ ಎದುರು ‘ಕರು ಹಾಕಿ ಇವತ್ತಿಗೆ ಎಷ್ಟು ದಿನ, ಗಬ್ಬವೋ ಇಲ್ಲವೋ’ ಎಂದು ಬರೆಯಿರಿ. ಗಬ್ಬದ ಅವಧಿ ಸುಮಾರು 280 ದಿನ. 13 ತಿಂಗಳಿಗೊಂದು ಕರು ಬೇಕೆಂದರೆ ಸುಮಾರು 115 ದಿನದೊಳಗೆ ಗಬ್ಬ ನಿಲ್ಲಬೇಕು. ಬೆದೆ, ಅಂದರೆ ಹಸು ಗಬ್ಬಕ್ಕೆ ಸಿದ್ಧವಾಗುವ ಹೊತ್ತು, ಬರುವುದು ಸುಮಾರು 21 ದಿನಕ್ಕೊಮ್ಮೆ; ಒಂದು ಕಣ್ತಪ್ಪಿದರೆ ಅಷ್ಟೂ ದಿನ ಹೋಯಿತು.

4. ಸರಿಸಮಾನರ ಜತೆ ಹೋಲಿಸಿ: ಅದೇ ತಳಿ, ಅದೇ ರೀತಿಯ ಮೇವು. ಗುಂಪಿನ ಸರಾಸರಿಗೆ ಗುರಿ ಇಡಬೇಡಿ, ಮೇಲಿನ ಕಾಲುಭಾಗದವರನ್ನು ನೋಡಿ.

5. ಎಲ್ಲಿ ಜಾಸ್ತಿ ಹಿಂದಿದ್ದೀರೋ ಅದೊಂದನ್ನೇ ಹಿಡಿಯಿರಿ. ಮೇವು, ಹಿಂಡಿ, ಕರೆಯುವ ಹೊತ್ತು ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೋ ತಿಳಿಯುವುದಿಲ್ಲ. ‘ಹಾಲು ಹೆಚ್ಚಿಸುವ’ ಪುಡಿ ಡಬ್ಬಗಳನ್ನು ಈ ಹೊತ್ತಿನಲ್ಲಿ ಕೊಟ್ಟಿಗೆಗೆ ತರಲೇಬೇಡಿ, ಲೆಕ್ಕವೆಲ್ಲ ಕಲಸಿಹೋಗುತ್ತದೆ. ಕರು ಅಂತರ ಸುಧಾರಿಸಿತೇ ಎಂದು ತಿಳಿಯಲು ವರ್ಷವೇ ಬೇಕಾಗಬಹುದು. ಅಲ್ಲಿಯವರೆಗೆ 21 ದಿನಕ್ಕೊಮ್ಮೆ ಪುಸ್ತಕ ತೆಗೆದು, ಬೆದೆಗೆ ಬರಬೇಕಿದ್ದ ಹಸುಗಳಲ್ಲಿ ಎಷ್ಟು ಕಣ್ಣಿಗೆ ಬಿದ್ದವು, ಎಷ್ಟು ಗಬ್ಬ ನಿಂತವು ಎಂದು ಎಣಿಸಿ.