ಬಾಕಿ ಕಂತಿನ ಸಾಲು ತಾನಾಗಿ ಕೆಂಪಾಗಲು ಹೀಗೆ ಮಾಡಿ

ಸ್ವಸಹಾಯ ಸಂಘದ ಸಾಲದ ಲೆಕ್ಕವನ್ನು ಗೂಗಲ್ ಶೀಟ್ಸ್‌ನಲ್ಲಿ ಇಡುವ ಅನೇಕರು ಬಾಕಿ ಕಂತುಗಳಿಗೆ ಕೈಯಾರೆ ಬಣ್ಣ ತುಂಬುತ್ತಾರೆ. ಹಣ ಬಂದ ಮೇಲೆ ಬಣ್ಣ ಅಳಿಸಲು ಮರೆತರೆ, ಕಂತು ಕಟ್ಟಿದ ಸದಸ್ಯೆಯೂ ಸಭೆಯ ಮುಂದೆ ಬಾಕಿದಾರಳಾಗಿ ಕಾಣುತ್ತಾಳೆ. ಹಾಗಾಗಬಾರದು. ಬಣ್ಣದ ಕೆಲಸವನ್ನು ಕಂಡೀಷನಲ್ ಫಾರ್ಮ್ಯಾಟಿಂಗ್‌ಗೆ, ಅಂದರೆ ನಾವು ಕೊಟ್ಟ ಷರತ್ತು ನೋಡಿ ತಾನಾಗಿ ಬಣ್ಣ ಹಾಕುವ ಸೌಲಭ್ಯಕ್ಕೆ, ಬಿಡುವುದೇ ಸರಿ.

ಎ ಕಾಲಂನಲ್ಲಿ ಹೆಸರು, ಬಿಯಲ್ಲಿ ಸಾಲ, ಸಿಯಲ್ಲಿ ಕಂತು, ಡಿಯಲ್ಲಿ ಕಟ್ಟಬೇಕಾದ ದಿನಾಂಕ, ಇಯಲ್ಲಿ ಕಟ್ಟಿದ ದಿನಾಂಕ ಇರಲಿ. ಮೊದಲ ಸಾಲು ತಲೆಬರಹಕ್ಕೆ.

ಮೊದಲು ದಿನಾಂಕಗಳನ್ನು ಪರೀಕ್ಷಿಸಿ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ (ಯಾವ ದೇಶದ ರೀತಿ ಎಂಬ ಆಯ್ಕೆ) ಅಮೆರಿಕ ಎಂದಿದ್ದರೆ, 05/06/2025 ಎಂಬುದು ಜೂನ್ 5ರ ಬದಲು ಮೇ 6 ಆಗುತ್ತದೆ. 25/06/2025 ದಿನಾಂಕವೇ ಆಗದೆ ಬರೀ ಪಠ್ಯವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ಹಾಗೆ ಪಠ್ಯವಾಗಿ ಉಳಿದದ್ದು ಎಷ್ಟು ತಿಂಗಳು ಕಳೆದರೂ ಕೆಂಪಾಗದು. ಲೊಕೇಲನ್ನು ಭಾರತಕ್ಕೆ ಬದಲಿಸಿ, ತಪ್ಪಿದ ದಿನಾಂಕಗಳನ್ನು ಮತ್ತೆ ಟೈಪ್ ಮಾಡಿ.

ಈಗ ಎ2ರಿಂದ ಇ200ರವರೆಗೆ ಆಯ್ಕೆ ಮಾಡಿಕೊಳ್ಳಿ. ಫಾರ್ಮ್ಯಾಟ್ ಮೆನುವಿನಲ್ಲಿ ಕಂಡೀಷನಲ್ ಫಾರ್ಮ್ಯಾಟಿಂಗ್ ಒತ್ತಿ, ಷರತ್ತುಗಳ ಪಟ್ಟಿಯ ಕೊನೆಗಿರುವ 'ಕಸ್ಟಮ್ ಫಾರ್ಮುಲಾ ಈಸ್' ಆರಿಸಿ ಹೀಗೆ ಬರೆಯಿರಿ (ಅಕ್ಷರಗಳನ್ನೆಲ್ಲ ಇಂಗ್ಲಿಷಿನಲ್ಲೇ ಟೈಪಿಸಬೇಕು):

=ಆ್ಯಂಡ್($ಡಿ2<>"",$ಡಿ2<ಟುಡೇ(),$ಇ2="")

ಕಟ್ಟಬೇಕಾದ ದಿನ ನಮೂದಾಗಿದೆ, ಅದು ಕಳೆದುಹೋಗಿದೆ, ಕಟ್ಟಿದ ದಿನ ಇನ್ನೂ ಖಾಲಿ ಇದೆ: ಮೂರೂ ನಿಜವಾದರೆ ಮಾತ್ರ ಬಣ್ಣ. ಮೊದಲ ಷರತ್ತು ಬಿಟ್ಟರೆ ಕೆಳಗಿನ ಖಾಲಿ ಸಾಲುಗಳೆಲ್ಲ ಕೆಂಪಾಗುತ್ತವೆ, ಏಕೆಂದರೆ ಖಾಲಿ ಮನೆಯನ್ನು (ಸೆಲ್) ಶೀಟ್ ಸೊನ್ನೆ ಎಂದೇ ಎಣಿಸುತ್ತದೆ. ತಿಳಿ ಕೆಂಪು ಆರಿಸಿ 'ಡನ್' ಒತ್ತಿ.

ಬಹುತೇಕರು ಎಡವುವುದು ಡಾಲರ್ ಚಿಹ್ನೆಯಲ್ಲಿ. ಅದು ಕಾಲಂ ಅಕ್ಷರದ ಹಿಂದೆ ಮಾತ್ರ ಇರಬೇಕು. ಆಗ ಸಾಲಿನ ಪ್ರತಿ ಮನೆಯೂ ತನ್ನದೇ ಸಾಲಿನ ಡಿ ಮತ್ತು ಇ ನೋಡಿ ನಿರ್ಧರಿಸುತ್ತದೆ, ಇಡೀ ಸಾಲು ಕೆಂಪಾಗುತ್ತದೆ. ಡಾಲರ್ ಇಲ್ಲದಿದ್ದರೆ ಬಿ ಕಾಲಂ ಹೋಗಿ ಇಯನ್ನು ನೋಡುತ್ತದೆ, ಬಣ್ಣ ಚೆಲ್ಲಾಪಿಲ್ಲಿ. ಸಂಖ್ಯೆಯ ಹಿಂದೆಯೂ ಹಾಕಿದರೆ ಎಲ್ಲ ಸಾಲುಗಳೂ ಎರಡನೇ ಸಾಲಿನ ಹಣೆಬರಹಕ್ಕೇ ಬಿದ್ದಂತೆ. ಆಯ್ಕೆ ಎ2ರಿಂದ ಶುರುವಾಗಿದ್ದರೆ ಫಾರ್ಮುಲಾದಲ್ಲೂ 2 ಇರಲೇಬೇಕು.

ಎಕ್ಸೆಲ್‌ನಲ್ಲಿ ದಾರಿ ಬೇರೆ, ಫಾರ್ಮುಲಾ ಇದೇ. ಹೋಮ್ ಟ್ಯಾಬ್‌ನ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ 'ನ್ಯೂ ರೂಲ್' ತೆರೆದು, 'ಯೂಸ್ ಎ ಫಾರ್ಮುಲಾ' ಎಂದು ಆರಂಭವಾಗುವ ಆಯ್ಕೆ ಒತ್ತಿ.

ಪರೀಕ್ಷೆಗೆ ಒಂದು ಸಾಲಿನ ಡಿಯಲ್ಲಿ ನಿನ್ನೆಯ ದಿನಾಂಕ ಹಾಕಿ, ಇ ಖಾಲಿ ಬಿಡಿ, ಕೆಂಪಾಗಬೇಕು. ಇಯಲ್ಲಿ ಇಂದಿನ ದಿನಾಂಕ ತುಂಬಿದೊಡನೆ ಬಣ್ಣ ಹೋಗಬೇಕು.

ವಾರದೊಳಗೆ ಬರುವ ಕಂತುಗಳಿಗೆ ಹಳದಿ ಬೇಕಿದ್ದರೆ ಇನ್ನೊಂದು ನಿಯಮ ಸೇರಿಸಿ:

=ಆ್ಯಂಡ್($ಡಿ2>=ಟುಡೇ(),$ಡಿ2<=ಟುಡೇ()+7,$ಇ2="")

ನನ್ನ ಮಟ್ಟಿಗೆ ಎರಡು ಬಣ್ಣ ಸಾಕು. ಮೂರು ನಾಲ್ಕಾದರೆ ಯಾವುದಕ್ಕೆ ಯಾವುದೆಂದು ನೆನಪಿಡುವುದೇ ಸದಸ್ಯೆಯರಿಗೆ ಹೊರೆ. ಸಭೆಗೆ ಕಪ್ಪುಬಿಳುಪು ಪ್ರಿಂಟ್ ಒಯ್ಯುವುದಾದರೆ ಕೆಂಪಿನ ನಿಯಮಕ್ಕೆ ದಪ್ಪ ಅಕ್ಷರವನ್ನೂ ಸೇರಿಸಿ.